ಗಾಜಿನ ಮೊಲ

ಕೂಡಲಸಂಗಮ
ಭಾನುವಾರ, 5 ಜನವರಿ 2025

ಅಕ್ಕನ ಮಗ ಹನ್ನೊಂದರ ಹೊತ್ತಿಗೆ ಬಾದಾಮಿಯಿಂದ ಬಂದ. ಕಾರಿನ ಹಿಂದಿನ ಸೀಟಿನ ಮೇಲೆ ಕೌದಿ ಸುತ್ತಿದ ಎರಡು ಗಂಟು. ಬಿಚ್ಚಿದರೆ ಬಣ್ಣದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯಲ್ಲಿ ಕೂಡಿಸಿ ಮಾಡಿದ ಎರಡು ಹಳೆಯ ಚಿತ್ರಫಲಕ. ಒಂದೊಂದೂ ಎರಡೂವರೆ ಅಡಿ ಎತ್ತರ, ಒಂದೂವರೆ ಅಡಿ ಅಗಲ. ಕೂಸನ್ನು ಮಲಗಿಸಿದ ಹಾಗೆ ಅಡ್ಡ ಮಲಗಿಸಿಕೊಂಡು ಬಂದಿದ್ದಾನೆ, ಅದೂ ನಮ್ಮ ರಸ್ತೆಯಲ್ಲಿ. ಒಂದರ ಗಾಜು ಸೀಳಿದೆ. ಮೊದಲೇ ಸೀಳಿತ್ತೋ, ಐಹೊಳೆ ದಾಟುವಾಗ ಸೀಳಿತೋ ಅವನಿಗೂ ಗೊತ್ತಿಲ್ಲ.

"ಮಾಮಾ, ಬೆಂಗಳೂರಾಗ ಹಳೇ ಸಾಮಾನಿನ ಅಂಗಡ್ಯಾಗ ತಗೊಂಡೆ. ಲಾಡ್ಜಿನ ಕೌಂಟರ್ ಹಿಂದ ಹಚ್ಚೂದು, ಅದರ ಹಿಂದ ಒಂದು ಎಲ್‌ಇಡಿ ಡಬ್ಬಿ. ಐನೂರು ವರ್ಷದ್ದಂತ, ಇಂಗ್ಲೆಂಡಿನ ಚರ್ಚಿಂದಂತ. ನೀವು ಒಮ್ಮೆ ನೋಡಿ ಹೇಳ್ರಿ."

ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಡ್ರಾಯಿಂಗ್ ಕಲಿಸಿದವನಿಗೆ ಊರು ಕೊಡುವ ಕೆಲಸ ಎರಡೇ. ಮದುವೆ ಮನೆಯ ಗೋಡೆಗೆ ಗಂಡು-ಹೆಣ್ಣಿನ ಹೆಸರು ಬರೆಯುವುದು, ಹಳೆಯದು ಏನು ಸಿಕ್ಕರೂ ನೋಡಿ ಬೆಲೆ ಹೇಳುವುದು. ಬೆಲೆ ಹೇಳಲಾರೆ, ಎರಡು ವಾರ ಬಿಟ್ಟು ಹೋಗು ಎಂದೆ.

ಮೊದಲನೆಯದರಲ್ಲಿ ಕೆಂಪು ಕೋಟಿನ ಬೇಟೆಗಾರ, ಅವನ ಮುಂದೆ ನಾಯಿ, ನಾಯಿಯ ಮುಂದೆ ಮೊಲ. ಎರಡನೆಯದರಲ್ಲಿ ಒಬ್ಬ ಹುಡುಗ ಕೋಲು ಎತ್ತಿ ನಿಂತಿದ್ದಾನೆ, ಚೆಂಡು ಗಾಳಿಯಲ್ಲಿದೆ. ಸೀಳಿರುವುದು ಅವನ ಮುಖ, ಹಣೆಯಿಂದ ಗಲ್ಲದವರೆಗೆ. ಏಸುವಿಲ್ಲ, ಮೇರಿಯಿಲ್ಲ. ಇಂಥ ಆಟಪಾಟವನ್ನು ಯಾವ ಚರ್ಚು ಕೂರಿಸಿಕೊಂಡಿತು ಎಂದು ಅವನನ್ನು ಕೇಳಿದೆ. "ಅದನ್ನ ನೀವ ಹೇಳಬೇಕು" ಎಂದು ನಕ್ಕು, ಊಟ ಮಾಡಿ ಹೋದ.

ಮಂಗಳವಾರ, 7 ಜನವರಿ

ನಿನ್ನೆ ಇಡೀ ದಿನ ಕೌದಿಯಲ್ಲೇ ಇದ್ದವು. ಇವತ್ತು ಬೇಟೆಯ ಫಲಕವನ್ನು ಹಿತ್ತಲ ಕಟ್ಟೆಯ ಮೇಲೆ, ಸೂರ್ಯ ಅದರ ಬೆನ್ನಿಗೆ ಬರುವಂತೆ ನಿಲ್ಲಿಸಿದೆ. ಅಡ್ಡ ಬಿದ್ದಿದ್ದಾಗ ಮಸಿ ಹಿಡಿದ ರೊಟ್ಟಿ ಹಂಚಿನಂತಿತ್ತು. ಬಿಸಿಲು ತಾಗಿದ್ದೇ ಕೋಟು ದಾಳಿಂಬೆ ಕಾಳಾಯಿತು.

ತೊಳೆಯುವುದು ಹೇಗೆ ಎನ್ನುವುದೇ ಮನೆಯಲ್ಲಿ ಒಂದು ತಕರಾರು. ಹೆಂಡತಿ ಹುಣಸೆಹಣ್ಣು ಎಂದಳು, ಪಕ್ಕದವರು ಸೋಪಿನ ಪುಡಿ ಎಂದರು. ಹುಳಿಯೂ ಬೇಡ, ಸೋಪೂ ಬೇಡ. ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಅಂಗಡಿಯಿಂದ ತರಿಸಿ, ಹತ್ತಿಯ ಉಂಡೆ ಅದ್ದಿ, ಚಿತ್ರ ಬರೆಯದ ಬದಿಯನ್ನು ಮಾತ್ರ ಒರೆಸಿದೆ. ಬರೆದ ಬದಿಯನ್ನು ಉಜ್ಜಬಾರದು. ಅಲ್ಲಿರುವ ಕಪ್ಪು ಬಣ್ಣವೆಂದರೆ ಕಬ್ಬಿಣದ ಕಿಟ್ಟ ಮತ್ತು ಗಾಜಿನ ಹಿಟ್ಟು ಕಲಸಿ ಬಳಿದು, ಗೂಡಿನಲ್ಲಿ ಸುಟ್ಟು ಗಾಜಿಗೆ ಅಂಟಿಸಿದ್ದು. ಸರಿಯಾಗಿ ಸುಡದಿದ್ದರೆ ನೂರು ವರ್ಷದ ಮೇಲೆ ಹುಡಿಯಾಗಿ ಕೈಗೆ ಬರುತ್ತದೆ.

ಒಂದು ಗಂಟೆ ಮೊಲವನ್ನೇ ನೋಡಿದೆ. ಕಸಬುದಾರ ಅದರ ಮೀಸೆಯನ್ನು ಬರೆದೇ ಇಲ್ಲ. ಮುಖದ ಮೇಲೆಲ್ಲ ಕಪ್ಪು ಬಳಿದು, ಸೂಜಿ ತುದಿಯಿಂದ ಕೆರೆದು, ಕೆರೆದಲ್ಲಿ ಬೆಳಕನ್ನು ಬಿಟ್ಟಿದ್ದಾನೆ. ಕೂದಲಿನಷ್ಟು ಸಣ್ಣ ಆರು ಗೆರೆ. ನನ್ನ ಕ್ಲಾಸಿನಲ್ಲಿ ಹುಡುಗರಿಗೆ ಬಿಳಿಯನ್ನು ಬಳಿಯಬೇಡಿ, ಉಳಿಸಿ ಎಂದು ಹೇಳಿ ಹೇಳಿ ಗಂಟಲು ಒಣಗಿತ್ತು. ಈ ಪುಣ್ಯಾತ್ಮ ಉಳಿಸಿದ್ದಾನೆ.

ಕೋಟಿನ ಅಂಚು ಒಂದು ಕಡೆ ಚೂರು ಹಾರಿದೆ. ಅಲ್ಲಿ ಕೆಂಪಿನ ಗುಟ್ಟು ಕಾಣಿಸುತ್ತದೆ. ಒಳಗೆಲ್ಲ ಬಿಳಿ ಗಾಜು, ಮೇಲೆ ಕೆನೆಯ ಹಾಗೆ ಕೆಂಪು. ಗಾಜಿನ ಮೈಯೆಲ್ಲ ಕೆಂಪಾಗಿದ್ದರೆ ಬೆಳಕು ದಾಟದೆ ಕಪ್ಪಾಗಿಬಿಡುತ್ತದೆ, ಅದಕ್ಕೇ ಈ ತೆಳು ಪದರ. ನೀಲಿಗೆ ಕೋಬಾಲ್ಟ್, ನೇರಳೆಗೆ ಮ್ಯಾಂಗನೀಸ್, ಹಸಿರಿಗೆ ತಾಮ್ರ ಅಥವಾ ಕಬ್ಬಿಣ. ಎಲ್ಲ ಗಾಜು ಕರಗಿದಾಗಲೇ ಹಾಕುವುದು. ಚೆಂಡಾಟದ ಹುಡುಗನ ಹಳದಿ ಕೂದಲು ಮಾತ್ರ ಬೇರೆ ಜಾತಿ: ಬೆಳ್ಳಿಯ ಲವಣವನ್ನು ಗಾಜಿನ ಬೆನ್ನಿಗೆ ಬಳಿದು ಸುಟ್ಟರೆ ಜೇನಿನ ಬಣ್ಣ ಬರುತ್ತದೆ. ಯುರೋಪಿನವರು 14ನೆಯ ಶತಮಾನದ ಮೊದಲಿಗೆ ಇದನ್ನು ಕಂಡುಕೊಂಡ ಮೇಲೆಯೇ ಒಂದೇ ತುಂಡಿನಲ್ಲಿ ಬಿಳಿ ಮುಖ, ಹಳದಿ ಕೂದಲು ಎರಡನ್ನೂ ತರಲು ಸಾಧ್ಯವಾಯಿತು. ಅದಕ್ಕೂ ಮೊದಲು ಕೂದಲಿಗೊಂದು ತುಂಡು, ಮುಖಕ್ಕೊಂದು ತುಂಡು, ನಡುವೆ ಸೀಸ.

ಸೀಸದ ಪಟ್ಟಿ ಎಲ್ಲಿ ಹಾಯಬೇಕು ಎನ್ನುವುದರಲ್ಲಿ ಕೈಚಳಕ ಇದೆ. ನಾಯಿಯ ಕುತ್ತಿಗೆಯಲ್ಲಿ ಹಾದದ್ದು ಕೊರಳಪಟ್ಟಿಯಾಗಿದೆ, ಬೇಟೆಗಾರನ ಸೊಂಟದಲ್ಲಿ ಹಾದದ್ದು ಬೆಲ್ಟು. ಇವಳು ಕಾಫಿ ತಂದವಳು ನಿಂತು ನೋಡಿದಳು. ಇಳಕಲ್ಲು ಅವಳ ತವರು. "ಒಡಲಿಗೂ ಸೆರಗಿಗೂ ಕೊಂಡಿ ಹಾಕಿದಂಗೈತಿ ನೋಡ್ರಿ" ಎಂದಳು. ಹೌದು. ಇಳಕಲ್ ಸೀರೆಯಲ್ಲಿ ಹತ್ತಿಯ ಒಡಲಿನ ಹಾಸಿನ ಎಳೆಗೆ ರೇಷ್ಮೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಸೀರೆಯ ಜೀವ ಆ ಕೂಡಿಕೆಯಲ್ಲಿ. ಬೆಸುಗೆ ಸಡಿಲಾದರೆ ಈ ಗಾಜಿನ ಗತಿಯೂ ಅಷ್ಟೇ. ಸೀಸ ಮೆತ್ತಗಿನ ಲೋಹ, ನೂರು ವರ್ಷಕ್ಕೆ ದಣಿಯುತ್ತದೆ. ಬೇಟೆಯ ಫಲಕದ ಹೊಟ್ಟೆ ಆಗಲೇ ಒಂದು ಬೆರಳು ಉಬ್ಬಿದೆ.

ಐನೂರು ವರ್ಷದ ಮಾತು ಮಾತ್ರ ಸುಳ್ಳು. ಹಿನ್ನೆಲೆಯ ಹಸಿರು ಗಾಜಿನ ಮೇಲೆ ಒಂದೇ ಅಳತೆಯ ಸಣ್ಣ ಅಲೆಗಳಿವೆ, ಅದು ಯಂತ್ರದ ರೋಲರಿನ ಗುರುತು. ಅಂಥ ಗಾಜು 19ನೆಯ ಶತಮಾನಕ್ಕಿಂತ ಹಿಂದೆ ಇರಲಿಲ್ಲ. ಆದರೂ ನೂರು ದಾಟಿದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆಗೆ ಬರುತ್ತದೆ. ಅಳಿಯನಿಗೆ ಹೇಳಬೇಕು. "ಕೆಳಗ ದಪ್ಪ ಐತಿ ಮಾಮಾ, ಗಾಜು ನಿಧಾನಕ ಇಳದೈತಿ, ಅಷ್ಟು ಹಳೇದು" ಎಂದಿದ್ದ. ಅಂಗಡಿಯವನು ಕಲಿಸಿದ್ದು. ಗಾಜು ಇಳಿಯುವುದಿಲ್ಲ. ಹಿಂದೆ ಹಾಳೆ ಸಮನಾಗಿ ಬರುತ್ತಿರಲಿಲ್ಲ, ಅಷ್ಟೇ.

ಬುಧವಾರ, 8 ಜನವರಿ

ಸೀಸ ಮುಟ್ಟಿದ ಕೈಯನ್ನು ಮೂರು ಸಲ ತೊಳೆದು ಊಟಕ್ಕೆ ಕೂತೆ. ಇವಳಿಗೆ ಅದೊಂದು ಮಡಿಯಂತೆ ಕಂಡಿದೆ. ಫಲಕ ಇಟ್ಟ ಕೋಣೆಗೆ ಮೊಮ್ಮಕ್ಕಳು ಬರಬಾರದು ಎಂದೆ. ಬಂದರು.

ಶುಕ್ರವಾರ, 10 ಜನವರಿ

ಕರ್ನಾಟಕದಲ್ಲಿ ಇಂಥ ಗಾಜನ್ನು ನಾನು ತಲೆಯೆತ್ತಿ ನೋಡಿದ್ದು ಮೈಸೂರಿನಲ್ಲಿ. ಶಾಲೆಯ ಪ್ರವಾಸ, ಅರವತ್ತು ಹುಡುಗರು, ಅರಮನೆಯ ಕಲ್ಯಾಣ ಮಂಟಪ. ಎಂಟು ಮೂಲೆಯ ಆ ಮಂಟಪದ ಮೇಲೆ ನವಿಲುಗಳ ಗಾಜಿನ ಛಾವಣಿ. ಗಾಜೂ ಅದನ್ನು ಹೊತ್ತ ಎರಕದ ಕಂಬಗಳೂ ಗ್ಲ್ಯಾಸ್ಗೋದಿಂದ ಹಡಗು ಹತ್ತಿ ಬಂದವು. ಹಳೆಯ ಮರದ ಅರಮನೆ 1897ರಲ್ಲಿ, ಮದುವೆಯ ಸಡಗರದ ನಡುವೆ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ 1912ಕ್ಕೆ ಮುಗಿಯಿತು, ಖರ್ಚು 41,47,913 ರೂಪಾಯಿ. ಕೊನೆಯ ಹದಿಮೂರು ರೂಪಾಯಿಯನ್ನೂ ಬಿಡದೆ ಬರೆದಿಟ್ಟ ಆ ಗುಮಾಸ್ತನ ಮೇಲೆ ನನಗೆ ಗೌರವ.

ಅಲ್ಲಿ ಗಾಜಿನಲ್ಲಿ ಆಟವಿಲ್ಲ. ನವಿಲು, ಹೂವು, ಬಳ್ಳಿ. ಆಟವೆಲ್ಲ ಕೆಳಗೆ, ಅಂಗಳದ ಮಣ್ಣಿನಲ್ಲಿ. ದಸರೆಯಲ್ಲಿ ತಲೆ ಬೋಳಿಸಿದ ಜಟ್ಟಿಗಳು ಕೈಗೆ ವಜ್ರಮುಷ್ಟಿ ಕಟ್ಟಿಕೊಂಡು ಇಳಿಯುತ್ತಾರೆ. ಒಬ್ಬನ ತಲೆಯಿಂದ ಮೊದಲ ಹನಿ ರಕ್ತ ಬಂದರೆ ಕಾಳಗ ಮುಗಿಯಿತು. ಎಷ್ಟೋ ದಸರೆಯಲ್ಲಿ ಅದು ಒಂದು ನಿಮಿಷವೂ ನಡೆಯುವುದಿಲ್ಲ. ಗ್ಲ್ಯಾಸ್ಗೋದ ಕಸಬುದಾರನಿಗೆ ಇದನ್ನು ಬರೆದು ಕಳಿಸು ಎಂದಿದ್ದರೆ ಏನು ಬರೆಯುತ್ತಿದ್ದನೋ.

ನಮ್ಮ ಕಡೆ ಗಾಜು ಬಂದದ್ದು ಬೇರೆ ದಾರಿಯಿಂದ. ಹಳೆ ಬಾಗಲಕೋಟೆಯಲ್ಲಿ ನಾನು ಹುಟ್ಟಿದ ಮನೆಯ ತಲೆಬಾಗಿಲ ಮೇಲೆ ಅರ್ಧಚಂದ್ರದ ಕಿಂಡಿ ಇತ್ತು: ಒಂದು ನೀಲಿ, ಒಂದು ಹಳದಿ, ಎರಡು ಕೆಂಪು. ಚಿತ್ರ ಇಲ್ಲ, ಬರೀ ಬಣ್ಣ. ಮಧ್ಯಾಹ್ನ ಅವ್ವ ಮಲಗಿದಾಗ ಅದರ ಕೆಂಪಿನಲ್ಲಿ ಕೈಯಿಟ್ಟು ಗಾಯ ಆಗಿದೆ ಎಂದು ತಂಗಿಯನ್ನು ಹೆದರಿಸುತ್ತಿದ್ದೆ. ಆಲಮಟ್ಟಿಯ ನೀರು ಬರುತ್ತದೆ ಎಂದಾಗ ಮುಳುಗಡೆಯ ಲೆಕ್ಕ ಬರೆದರು, ಎಲ್ಲರೂ ನವನಗರಕ್ಕೆ ಹೊರಟರು. ಕಂಬ, ತೊಲೆ, ಬಾಗಿಲು ಗಾಡಿ ಹತ್ತಿದ್ದು ನೆನಪಿದೆ. ಕಿಂಡಿಯ ಗಾಜು ಎಲ್ಲಿ ಹೋಯಿತೆಂದು ಯಾರನ್ನೂ ಕೇಳಲಿಲ್ಲ. ಆಗ ಅದು ಕೇಳುವ ವಿಷಯ ಅನ್ನಿಸಿರಲಿಲ್ಲ.

ಸೋಮವಾರ, 13 ಜನವರಿ. ಬನದ ಹುಣ್ಣಿಮೆ

ಬನಶಂಕರಿ ಜಾತ್ರೆಗೆ ಹೋಗಿ ಬಂದೆ. ದೇವಿಗೆ ಕೈಮುಗಿದದ್ದು ಐದು ನಿಮಿಷ, ಚೌಕಟ್ಟು ಹುಡುಕಿದ್ದು ಮೂರು ತಾಸು. ನಿನ್ನೆ ಪಲ್ಲೇದ ಹಬ್ಬಕ್ಕೆ ನೂರೆಂಟು ಬಗೆಯ ಪಲ್ಯ ನೈವೇದ್ಯವಾದ ಅಮ್ಮ, ಇವತ್ತು ರಥದಲ್ಲಿ. ತೇರಿನ ಗದ್ದಲದ ಆಚೆ ನಾಟಕ ಕಂಪನಿಗಳ ತಗಡಿನ ಥೇಟರು, ಮೈಕಿನಲ್ಲಿ ಹಾಸ್ಯದ ಚೂರು. ಅದರ ಆಚೆ ಬಾಗಿಲುಗಳ ಸಂತೆ. ಇಡೀ ಸೀಮೆಯಲ್ಲಿ ಮನೆ ಕಟ್ಟುವವರು ಬಾಗಿಲು-ಚೌಕಟ್ಟಿಗೆ ಈ ಜಾತ್ರೆಯನ್ನೇ ಕಾಯುತ್ತಾರೆ. ಗೋಡೆಯೂ ಇಲ್ಲದೆ, ಮನೆಯೂ ಇಲ್ಲದೆ, ಹೊಲದ ನಡುವೆ ನೂರಾರು ಬಾಗಿಲು ಒಂದಕ್ಕೊಂದು ಒರಗಿ ನಿಂತಿರುತ್ತವೆ. ನೋಡಲೆಂದೇ ವರ್ಷವೂ ಹೋಗುವವನು ನಾನು.

ಬಡಿಗೇರ ಅಳತೆ ಕೇಳಿದ. ಗಾಜಿಗೆ ಎಂದೆ. "ಕಿಟಕಿಗೇನ್ರಿ ಮಾಸ್ತರ?" ಹೌದು, ಆದರೆ ಗಾಜು ಕೂಡುವ ತೋಡು ಆಳ ಇರಲಿ, ನಡುವೆ ಎರಡು ಅಡ್ಡ ಸಲಾಕೆ ಬೇಕು ಎಂದೆ. ಸೀಸ ತನ್ನ ಭಾರವನ್ನು ತಾನೇ ಹೊರಲಾರದು, ತಾಮ್ರದ ತಂತಿಯಿಂದ ಸಲಾಕೆಗೆ ಕಟ್ಟಬೇಕು. ಅವನು ಕೇಳಿಸಿಕೊಂಡು, "ಹಂಗಂದ್ರ ಇದು ಬಳ್ಳಿ ಇದ್ದಂಗ, ಹಂದರ ಬೇಕು" ಎಂದ. ಎರಡು ಸಾಗವಾನಿ ಚೌಕಟ್ಟು, ಚೌಕಾಸಿ ಮಾಡದೆ ತಂದೆ. ಬರುವಾಗ ಅಮೀನಗಡದಲ್ಲಿ ಕರದಂಟು.

ಮಂಗಳವಾರ, 14 ಜನವರಿ. ಸಂಕ್ರಾಂತಿ

ಬೆಳಗಿನ ಐದಕ್ಕೇ ಹೊಳೆಯ ದಂಡೆಯಲ್ಲಿ ಕಾಲಿಡಲು ಜಾಗವಿಲ್ಲ. ಮೈಗೆ ಎಳ್ಳು ಹಚ್ಚಿಕೊಂಡು ಕೃಷ್ಣೆ-ಮಲಪ್ರಭೆಯರ ಕೂಡಿನಲ್ಲಿ ಮುಳುಗುವವರು, ಆಮೇಲೆ ಬಸವಣ್ಣನವರ ಐಕ್ಯಮಂಟಪಕ್ಕೆ ಸಾಲು. ಸುತ್ತ ಹಿನ್ನೀರು, ನಡುವೆ ಗೋಡೆ ಕಟ್ಟಿ ಒಣಗಿಸಿಟ್ಟ ಬಾವಿ, ಅದರ ತಳದಲ್ಲಿ ಮಂಟಪ. ಮೆಟ್ಟಿಲು ಇಳಿಯುವಾಗ ತಲೆಯ ಮೇಲೆ ನೀರಿದೆ ಎಂಬ ನೆನಪು ನನಗೆ ಪ್ರತಿ ಸಲ ಬರುತ್ತದೆ.

ಮಧ್ಯಾಹ್ನ ಸಜ್ಜಿ ರೊಟ್ಟಿ, ಬರ್ತ, ಶೇಂಗಾ ಹೋಳಿಗೆ. ಊಟಕ್ಕೆ ಬಂದ ನೆಂಟರ ಹುಡುಗರು ಚೆಂಡಾಟದ ಫಲಕದ ಮುಂದೆ ಜಗಳ ತೆಗೆದರು. ಒಬ್ಬ ಕ್ರಿಕೆಟ್ ಎಂದ. ಇನ್ನೊಬ್ಬ ಬ್ಯಾಟು ಎಲ್ಲಿದೆ, ಇದು ಹಾಕಿ ಎಂದ. ಎಲ್ಲರಿಗಿಂತ ಸಣ್ಣವಳು, "ಚಿಣಿಪಣಿ" ಎಂದು ತೀರ್ಪು ಕೊಟ್ಟಳು. ಚಿಣಿ ದುಂಡಗಿರುವುದಿಲ್ಲ ಎಂದರೆ ಕೇಳಲಿಲ್ಲ. ತೊಡೆಯಮಟ್ಟದ ಕೋಲು, ತುದಿ ಸ್ವಲ್ಪ ಬಾಗಿದೆ. ನನಗೂ ಹೇಳಲು ಬರುವುದಿಲ್ಲ.

ಇಂಗ್ಲೆಂಡಿನ ಗ್ಲಾಸ್ಟರ್ ಕೆಥೆಡ್ರಲಿನ ಪೂರ್ವದ ದೊಡ್ಡ ಕಿಟಕಿ ಸುಮಾರು 1350ರದ್ದು. ಅದರಲ್ಲಿ ಒಂದು ಸಣ್ಣ ದುಂಡು ಗಾಜಿನಲ್ಲಿ ಒಬ್ಬ ಕೋಲು ಬೀಸಿ ಚೆಂಡು ಹೊಡೆಯುತ್ತಾನೆ. ಗಾಲ್ಫಿನವರು ಅವನನ್ನು ತಮ್ಮವನು ಎನ್ನುತ್ತಾರೆ. ಅವನು ಆಡಿದ ಆಟದ ಹೆಸರು ಅವನ ಜೊತೆಗೇ ಹೋಗಿದೆ, ಹೊಡೆತ ಮಾತ್ರ ನಿಂತಿದೆ. ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲಿನಲ್ಲಂತೂ ಆಟಗಳಿಗೇ ಒಂದು ಕಿಟಕಿ ಮೀಸಲು, ಬೇಸ್‌ಬಾಲ್ ಸಮೇತ. ದೇವರ ಮನೆಯಲ್ಲಿ ಆಟಕ್ಕೆ ಜಾಗ ಕೊಡುವುದು ನಮಗೇನು ಹೊಸದಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲಿನ ಪಟ್ಟಿಗಳಲ್ಲಿ ಕುಸ್ತಿ, ಬೇಟೆ, ಕುದುರೆ ಎಲ್ಲ ಇವೆ, ಆದರೆ ಅದು ಅರಸನ ಜಗಲಿ. ಗುಡಿಯ ಹಾಸುಗಲ್ಲಿನ ಮೇಲೆ ಹುಲಿ-ಕುರಿ ಮನೆ ಗೀಚಿದವರು ಮಾತ್ರ ನಮ್ಮ ನಿಮ್ಮಂಥವರು.

ಶುಕ್ರವಾರ, 17 ಜನವರಿ

ಮುಧೋಳದ ಕಡೆಯ ಬೀಗರು ಬಂದಿದ್ದರು. ತಲೆಮಾರುಗಳಿಂದ ನಾಯಿ ಸಾಕಿದ ಮನೆ. ಬೇಟೆಯ ಫಲಕ ತೋರಿಸಿದೆ, ಇಂಗ್ಲೆಂಡಿನ ಮುಧೋಳ ನಾಯಿ ನೋಡ್ರಿ ಎಂದು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಅಲ್ರಿ. ಕಿವಿ ನೋಡ್ರಿ, ಎಷ್ಟು ಜೋತು ಬಿದ್ದಾವ. ಮೂಗು ನೆಲಕ್ಕ ಹಚ್ಚೇತಿ. ಇದು ಮೂಸಿ ಹೋಗೂ ನಾಯಿ. ನಮ್ಮದು ಕಣ್ಣಿಲೆ ಬೇಟೆ ಆಡ್ತೈತಿ. ಮೊಲ ಕಂಡ್ರ ಓಡತೈತಿ, ಕಾಣದಿದ್ರ ನಿಂತು ನಿಮ್ಮ ಮಾರಿ ನೋಡತೈತಿ."

ಹತ್ತು ದಿನದಿಂದ ಈ ಗಾಜನ್ನು ನೋಡುತ್ತಿರುವ ಡ್ರಾಯಿಂಗ್ ಮಾಸ್ತರನಿಗೆ ಇದು ಕಂಡಿರಲಿಲ್ಲ. ಮೊಲ ನಾಲ್ಕು ಬೆರಳು ಮುಂದೆಯೇ ಇದೆ, ಆದರೆ ನಾಯಿ ಅದನ್ನು ನೋಡುತ್ತಲೇ ಇಲ್ಲ, ನೆಲವನ್ನು ಓದುತ್ತಿದೆ. ಹುಲ್ಲುಗಾವಲು, ಬೇಲಿ, ಮಂಜಿನ ನಾಡಿನಲ್ಲಿ ಮೂಗು ಬೇಕು. ನಮ್ಮ ಎರೆಹೊಲದ ಬಯಲಿನಲ್ಲಿ ಕಣ್ಣು ಸಾಕು, ಕಾಲು ಬೇಕು. ಅದಕ್ಕೇ ಮುಧೋಳ ನಾಯಿಗೆ ಆ ಉದ್ದ ಕಾಲು, ಆಳ ಎದೆ, ಒಳಸೇರಿದ ಹೊಟ್ಟೆ, ಈಟಿಯಂಥ ಮೋರೆ. ಘೋರ್ಪಡೆ ಸಂಸ್ಥಾನಿಕರು ಬೆಳೆಸಿದ ಈ ತಳಿಗೆ 2005ರಲ್ಲಿ ಐದು ರೂಪಾಯಿಯ ಅಂಚೆಚೀಟಿ ಬಂತು, ಮುಂದೆ ಮೀರತ್ತಿಗೆ ಹೋಗಿ ಸೈನ್ಯದ ತರಬೇತಿಯನ್ನೂ ಕಂಡಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ಎನ್ನುವುದು ಬೀಗರ ಬಾಯಲ್ಲಿ ಕಥೆಯಾಗಿ ಉಳಿದಿದೆ. ಉಳಿಯಲಿ, ಅಷ್ಟು ಸಾಕು.

ಅವರು ಹೋದ ಮೇಲೆ ಆತಕೂರಿನ ಕಲ್ಲು ನೆನಪಾಯಿತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು 949ರ ಮಾತು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಅರಸ ಏನು ಬೇಕೋ ಕೇಳು ಎಂದ. ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನಲ್ಲಿ ನಾಯಿ ಹಂದಿಯ ಮೋರೆಗೆ ಮೋರೆ ಕೊಟ್ಟು ನಿಂತಿದೆ, ಆಳುವವರ ಚಿತ್ರ ಇಲ್ಲ. ನಮ್ಮ ಗಾಜಿನಲ್ಲಿ ಅರ್ಧ ಜಾಗ ಕೆಂಪು ಕೋಟಿಗೇ ಹೋಗಿದೆ.

ಕಲ್ಯಾಣದ ಮೂರನೆಯ ಸೋಮೇಶ್ವರ, 1127ರಿಂದ 1138ರವರೆಗೆ ಆಳಿದವ, 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ಇಡೀ ಒಂದು ಭಾಗದಲ್ಲಿ ವಿವರಿಸಿದ್ದಾನೆ: ಮಲ್ಲರ ಕುಸ್ತಿ, ನಾಯಿಬೇಟೆ, ಟಗರಿನ ಕಾಳಗ, ಮೀನು ಹಿಡಿಯುವುದು, ಪೈಲ್ವಾನರ ಊಟದ ಸಮೇತ. ಕೆಲವೇ ದಶಕದ ಮೇಲೆ, ಅದೇ ಕಲ್ಯಾಣದಲ್ಲಿ, ನಮ್ಮ ಸಂಗಮದಿಂದ ಹೋದ ಬಸವಣ್ಣ ಭಂಡಾರದ ಲೆಕ್ಕ ನೋಡುತ್ತಿದ್ದರು. ಟಗರಿನ ಖರ್ಚು ಯಾವ ಬಾಬತ್ತಿಗೆ ಬರೆದರೋ.

ಶನಿವಾರ, 18 ಜನವರಿ

ಹುನಗುಂದದಲ್ಲಿ ಫೋಟೋ ಕಟ್ಟು ಹಾಕುವವನಿಗೆ ಹುಡುಗನ ಮುಖದ ಸೀಳು ತೋರಿಸಿದೆ. "ಬಿಡ್ರಿ ಸರ, ಅಷ್ಟ ತೆಗೆದು ಹೊಸಾ ಗಾಜು ಕೂಡಸತೀನಿ, ಮಾರಿ ನೀವ ಬರೀರಿ" ಎಂದ. ಆಸೆಯಾಯಿತು, ಸುಳ್ಳು ಹೇಳಲಾರೆ. ಪೆನ್ಸಿಲಿನಿಂದ ಕಾಗದದ ಮೇಲೆ ಬರೆದೂ ನೋಡಿದೆ. ನನ್ನ ಹುಡುಗ ಚೆಂಡನ್ನು ನೋಡುತ್ತಿದ್ದ. ಗಾಜಿನ ಹುಡುಗ ಚೆಂಡಿನ ಆಚೆ, ಅದು ಹೋಗಬೇಕಾದ ಜಾಗ ನೋಡುತ್ತಿದ್ದಾನೆ. ಸೀಳಿನ ಎರಡು ಅಂಚಿಗೆ ಅಂಟು ಮಾತ್ರ ಬಿಟ್ಟು ಸುಮ್ಮನಾದೆ.

ಭಾನುವಾರ, 19 ಜನವರಿ

ಪಡಸಾಲೆಯ ಪೂರ್ವದ ಕಿಟಕಿಗೆ ಚೌಕಟ್ಟು ಕೂಡಿಸಿದೆವು, ಬೇಟೆಯದು ಎಡಕ್ಕೆ, ಚೆಂಡಾಟ ಬಲಕ್ಕೆ. ಏಳೂವರೆಗೆ ಬಣ್ಣ ಎದುರು ಗೋಡೆಯ ಕ್ಯಾಲೆಂಡರಿನ ಮೇಲೆ ಬಿತ್ತು. ಬೇಟೆಗಾರನಿಲ್ಲ, ನಾಯಿಯಿಲ್ಲ, ಕೋಲಿಲ್ಲ. ಆಟವೆಲ್ಲ ಕಿಟಕಿಯಲ್ಲೇ ಉಳಿದು, ಬಣ್ಣ ಮಾತ್ರ ಒಳಗೆ ಬಂದಿದೆ. ಹೊತ್ತು ಏರಿದಂತೆ ಗೋಡೆ ಇಳಿದು ಒಂಬತ್ತಕ್ಕೆ ನೆಲಕ್ಕೆ ಬಂತು.

ನೆಲದ ಮೇಲೆ ಇವಳು ಮೆಣಸಿನಕಾಯಿ ಹರವಿದ್ದಳು. ಕೆಂಪು ಬಿದ್ದಲ್ಲಿ ಕಾಯಿ ಬೆಂಕಿಯ ಹಾಗೆ, ಹಸಿರು ಬಿದ್ದಲ್ಲಿ ಕಲ್ಲಿದ್ದಲು. ಬಣ್ಣದ ಪಾಠದಲ್ಲಿ ಇದನ್ನು ಎಷ್ಟು ವರ್ಷ ಬಾಯಲ್ಲಿ ಹೇಳಿದ್ದೆ. "ಕಾಯಿ ಕೆಟ್ಟು ಹೋದ್ವು!" ಎಂದು ಅವಳು ಒಂದು ಹಿಡಿ ಎತ್ತಿ ಬಾಗಿಲಿಗೆ ಒಯ್ದು ನೋಡಿ, ನನ್ನ ಮುಖ ನೋಡಿ, ಮತ್ತೆ ತಂದು ಹರವಿದಳು.

ಸೀಮೆಸುಣ್ಣದಿಂದ ಕೆಂಪಿನ ಅಂಚಿಗೆ ಗುರುತು ಹಾಕಿದೆ, ಪಕ್ಕದಲ್ಲಿ ತಾರೀಖು.

ಶುಕ್ರವಾರ, 24 ಜನವರಿ

ಅಳಿಯನ ಜೊತೆ ಐಹೊಳೆಗೆ. ದುರ್ಗದ ಗುಡಿಯ ಪ್ರದಕ್ಷಿಣೆಯ ಜಾಲಂಧ್ರಗಳನ್ನು ಅವನಿಗೆ ತೋರಿಸಬೇಕಿತ್ತು. ಚಾಲುಕ್ಯರ ಕಲ್ಲುಕುಟಿಗರು ಹಲಗೆಗಲ್ಲನ್ನು ಕೊರೆದು ಬೆಳಕಿಗೆ ದಾರಿ ಮಾಡಿದ ಕಿಟಕಿಗಳು, ಒಂದರ ವಿನ್ಯಾಸ ಇನ್ನೊಂದರಂತಿಲ್ಲ. ಗಾಜು ಇಲ್ಲದ ಊರಿನಲ್ಲಿ ಅವರು ಬೆಳಕಿಗೆ ಆಕಾರ ಕೊಟ್ಟದ್ದು ಹೀಗೆ.

"ಇದರ ಹಿಂದೆ ಎಲ್‌ಇಡಿ ಹಚ್ಚಿದ್ರ ಹೆಂಗ?" ಎಂದೆ.

ಅವನು ನನ್ನ ಚೇಷ್ಟೆಗೆ ನಗಲಿಲ್ಲ. "ಮಾಮಾ, ನಮ್ಮ ಕೌಂಟರ್ ಪಡುವಣ ಗ್ವಾಡಿಗೆ ಐತಿ. ಹಿಂದ ಮೆಟ್ಟಲಾ. ಬಿಸಲು ಎಲ್ಲಿಂದ ತರ್ಲಿ?" ಅದೂ ನಿಜ. ಲಾಡ್ಜಿನ ಸಾಲ ಅವನ ತಲೆಯ ಮೇಲಿದೆ, ನನ್ನ ತಲೆಯ ಮೇಲಲ್ಲ. ವಾಪಸ್ ಬರುವಾಗ ಕಾರಿನಲ್ಲಿ ಅವನೇ, ಊಟದ ಹಾಲಿಗೆ ಮೂಡಣ ದಿಕ್ಕಿಗೆ ಒಂದು ಕಿಟಕಿ ಇದೆ, ಆದರೆ ಒಂದೇ ಇದೆ ಎಂದ.

ಭಾನುವಾರ, 2 ಫೆಬ್ರುವರಿ

ಚೆಂಡಾಟದ ಹುಡುಗ ಇವತ್ತು ಬಾದಾಮಿಗೆ ಹೋದ. ಈ ಸಲ ನಿಲ್ಲಿಸಿಕೊಂಡು, ಎರಡೂ ಕಡೆ ದಿಂಬು ಕೊಟ್ಟು. ಹಲಗೆ ಅಡ್ಡವಾದರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ ಎಂದು ಮೂರು ಸಲ ಹೇಳಿದೆ. ಇನ್ನೊಂದನ್ನು ಮಳೆಗಾಲದ ತನಕ ಇಲ್ಲೇ ಇಟ್ಟುಕೊಳ್ಳಿರಿ ಎಂದ. ಯಾವ ಮಳೆಗಾಲ ಎಂದು ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹುಕ್ಕ-ಬುಕ್ಕರ ಮೊಲ ತಿರುಗಿ ನಿಂತು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಗಿತ್ತು, ಅಲ್ಲೇ ವಿಜಯನಗರ ಎದ್ದಿತು ಎಂದು ರಾತ್ರಿ ಮೊಮ್ಮಗಳಿಗೆ ಕಥೆ ಹೇಳಿದ್ದೆ. ಬೆಳಿಗ್ಗೆ ಎದ್ದವಳೇ ಕಿಟಕಿಯ ಮುಂದೆ ಹೋಗಿ ನಿಂತಳು, ಮೊಲ ತಿರುಗಿದೆಯೋ ಎಂದು.

ಒಂಬತ್ತು ಗಂಟೆಗೆ ನೆಲ ನೋಡಿದೆ. ಕೆಂಪು, ಸೀಮೆಸುಣ್ಣದ ಗುರುತು ಬಿಟ್ಟು ತೆಂಕಣಕ್ಕೆ ಸರಿದಿದೆ. ಹೊಸ ಗೆರೆ ಎಳೆದು ತಾರೀಖು ಬರೆದೆ. ಇವಳು ಮೆಣಸಿನಕಾಯಿಯನ್ನು ಅಷ್ಟೇ ಆಚೆ ಸರಿಸಿದ್ದಾಳೆ.